ಬೆರಳು ಬಾಗಿಲಿಗೆ ಸಿಕ್ಕಿತಂತೆ

ಶಿರಸಿಯ ಎಲುಬಿನ ಡಾಕ್ಟರ ಹತ್ತಿರ ಸರದಿ ಕಾಯುತ್ತಿದ್ದ ಟೆಂಪೋ ಚಾಲಕ ಸೊಹೇಲನ ಪಕ್ಕದಲ್ಲೇ ದಾಸನಕೊಪ್ಪದ ತಾಯಿ, ಮಗಳು ಕುಳಿತಿದ್ದರು. ಮಗಳ ಬೆರಳು ಬದನೆಕಾಯಿಯಂತೆ ಊದಿತ್ತು.

"ಬಾಗಲಾಗ ಸಿಕ್ತು ಅಂತ ಹೇಳವ್ವಾ," ಎಂದಳು ಮಗಳು.

"ಸುಳ್ಳ್ಯಾಕ? ಸ್ವರ ತಪ್ಪಿದ್ದಕ್ಕ ಹಾರ್ಮೋನಿಯಂ ಮುಚ್ಚಳಾ ಕೈಮ್ಯಾಲೆ ಬಡದಾನ ನಿಮ್ಮ ಗುರು."

"ತಪ್ಪಿದಾಕಿ ನಾನ ಅಲ್ಲೇನು? ಎಲ್ಲಾರ್ಗೂ ಹಂಗ ಮಾಡ್ತಾರ."

"ಬೆರಳು ಮುರದ ಮ್ಯಾಲಾದ್ರೂ ಬಿಟ್ಟನೇನು?"

"ಇನ್ನೂ ಒಂಬತ್ತು ಅದಾವಲ್ಲ, ನುಡಿಸು ಅಂದ್ರು. ನುಡಿಸ್ದೆ."

ಸೊಹೇಲನ ಮೈ ಉರಿದುಹೋಯಿತು.

"ಅವನ ಕಾಲಿಗೆ ನಿನ್ನ ಬೀಳ್ಸಿದಾಕಿ ನಾನ. ದೊಡ್ಡ ಹೆಸರು ಮಾಡ್ತಿ ಅನ್ನೋ ಹುಚ್ಚು. ನನ್ನ ಚಪ್ಪಲಿಲೆ ನಾನ ಹೊಡ್ಕೋಬೇಕು."

"ಹೇಳಿದ್ರ ಭಾನುವಾರದ ಕಾರ್ಯಕ್ರಮ ಹೋಗ್ತತಿ, ಅವ್ವಾ!"

"ಹೋಗ್ಲಿ."

ನರ್ಸ್ ಕರೆದಳು. ಮಗಳು ಸೆರಗು ಹಿಡಿದೆಳೆದರೂ ನಿಲ್ಲದೆ ತಾಯಿ ಹೊಸ್ತಿಲಲ್ಲೇ ಶುರುಮಾಡಿದಳು: "ಡಾಕ್ಟ್ರೇ, ನನ್ನ ಮಗಳನ್ನ ಹೊಡದಾರ. ಹಂಗ ಬರ್ಕೋರ್ರಿ."