ತಾಯಿತದೊಳಗಿನ ಕಾಗದ

ಮಿನಿಯಾಪೊಲಿಸ್‌ನ ಪೌರತ್ವ ಕಚೇರಿಯಲ್ಲಿ ಜಪಮಣಿ ಎಣಿಸುತ್ತ ಸರದಿ ಕಾಯುತ್ತಿದ್ದ ಮುಮಿನೊ ಅಜ್ಜಿಗೆ, ಸಂದರ್ಶನದ ನಡುವೆ ಎದ್ದುಬಂದ ಯುವಕನೊಬ್ಬ ತನ್ನ ಪಕ್ಕದಲ್ಲೇ ಕೂತಿದ್ದ ಅವನ ತಾಯಿಗೆ ಹೇಳಿದ್ದು ಕೇಳಿಸಿತು.

“ಅಮ್ಮಾ, ಹದಿನೆಂಟಕ್ಕೆ ಇಲ್ಲಿ ಎಲ್ಲ ಹುಡುಗರ ಹಾಗೆ, ಯುದ್ಧ ಬಂದ್ರೆ ಕರೆಯೋ ಸೈನ್ಯದ ಪಟ್ಟಿಗೆ ಹೆಸರು ಬರೆಸಿದ್ನಲ್ಲ, ಅದರ ಕಾಗದ ಬೇಕಂತೆ. ಅದಿಲ್ದೆ ಪೌರತ್ವ ಇಲ್ವಂತೆ. ಅದು ಮನೆಗೆ ಬರ್ಲೇ ಇಲ್ಲ.”

“ಬಂದಿತ್ತು ಕಣೋ ಲಿಬಾನ್.”

“ಏನಂದೆ?”

“ಸೊಮಾಲಿಯಾದಲ್ಲಿ ಪಟ್ಟಿ ಬರೆದೋರೇ ನಿನ್ನ ಮಾವನ್ನ ಯುದ್ಧಕ್ಕೆ ಎಳ್ಕೊಂಡು ಹೋಗಿದ್ದು. ಅದಕ್ಕೇ ಬಚ್ಚಿಟ್ಟೆ.”

“ಎಲ್ಲಿ?”

“ದೇವರ ವಚನದ ಜೊತೆ ತಾಯಿತದೊಳಗೆ ಹೊಲಿದೆ. ಏಳು ವರ್ಷದಿಂದ ನನ್ನ ಕೊರಳಲ್ಲೇ ಇದೆ.”

“ಅಯ್ಯೋ ನನ್ನಮ್ಮಾ! ಬೇಗ ಬಿಚ್ಚು!”

ಆಕೆ ಹಲ್ಲಿನಿಂದಲೇ ಹೊಲಿಗೆ ಕಿತ್ತಳು. ಕಾಗದದ ಮುದ್ರೆ ಒಂದಿಷ್ಟೂ ಮಾಸಿರಲಿಲ್ಲ. ಮಗ ಅವಳ ಹಣೆಗೆ ಮುತ್ತಿಟ್ಟ.

“ಬಾ, ತೋರಿಸೋಣ.”

“ತೋರ್ಸು. ಆದ್ರೆ ಅವ್ರಿಗೆ ಹೇಳು, ಯುದ್ಧ ಬಂದ್ರೆ ಮೊದ್ಲು ನನ್ನ ಕೇಳ್ಬೇಕು ಅಂತ.”

ಇಬ್ಬರೂ ನಗುತ್ತ ಒಳಗೆ ಹೋದರು.