ಹಳೆಯ ಗೂಡಿಗೆ ಹತ್ತಿದ ಏಳು ಕೋಳಿಗಳ ಬಗ್ಗೆ ಸಾಕ್ಷಿ ಹೇಳಿಕೆ

ನಾನು, ಈ ಓಣಿಯವರೆಲ್ಲರೂ ಉಳಿಮೇಷ್ಟ್ರು ಎಂದು ಕರೆಯುವ ವ್ಯಕ್ತಿ, ವಯಸ್ಸು ಐವತ್ತೊಂಬತ್ತು ವರ್ಷ, ಉದ್ಯೋಗ ಮರಗೆಲಸ ತರಬೇತಿ ಶಾಲೆಯಲ್ಲಿ ಬೋಧಕ, ವಾಸ ಸದರಿ ಶಾಲೆಯ ಹಿಂಬದಿಯ ಮನೆ. ಮೊದಲಿಗೆ, ಈ ಹಿತ್ತಿಲಿನಲ್ಲಿ ನೆರೆದಿರುವ ನೆರೆಹೊರೆಯವರೆಲ್ಲರಿಗೂ ನಮಸ್ಕಾರ ತಿಳಿಸಿ, ಕೂರಲು ಜಾಗವಿಲ್ಲದಿದ್ದರೂ ಕೊನೆಯವರೆಗೆ ಸದ್ದಿಲ್ಲದೆ ನಿಂತಿದ್ದ ಹಿರಿಯರಿಗೆ ಕೃತಜ್ಞತೆ ಹೇಳಿರುತ್ತೇನೆ. ಇದನ್ನೂ ಬರೆದುಕೊಳ್ಳಬೇಕೆಂದು ಕೋರಿದ ಮೇರೆಗೆ ಮುಖ್ಯ ಪೇದೆಯವರು ಬರೆದುಕೊಂಡಿರುತ್ತಾರೆ. ಕೋಳಿಗಳು ಮಲಗಿರುವುದರಿಂದ ಮೆಲುದನಿಯಲ್ಲಿ ಈ ಮೂಲಕ ತಿಳಿಸುವುದೇನೆಂದರೆ:

ಕೋಳಿ ಕದ್ದ ಆರೋಪ ಹೊತ್ತಿರುವ ಹುಡುಗಿ ನನ್ನ ಬಳಿ ಎರಡನೆಯ ವರ್ಷದ ಕಲಿಕೆಯಲ್ಲಿರುವವಳು. ವಯಸ್ಸು ಹತ್ತೊಂಬತ್ತು. ಕೈ ಬೇಗ ಓಡುವುದರಿಂದ ಶಾಲೆಯಲ್ಲಿ ಅವಳಿಗೆ ಚುರುಕಿ ಎಂದೇ ಹೆಸರು. ಬರುವ ಗುರುವಾರ ಅವಳ ಕೊನೆಯ ಪರೀಕ್ಷೆ ಇರುತ್ತದೆ. ಪೊಲೀಸ್ ದೂರು ಬಾಕಿ ಇರುವವರನ್ನು ಪರೀಕ್ಷೆಗೆ ಕೂರಿಸಬಾರದೆಂಬುದು ಶಾಲೆಯ ನಿಯಮ. ಆದಕಾರಣ ಈ ಹೇಳಿಕೆಯಲ್ಲಿ ಅವಳ ಪರವಾಗಿ ಒಂದು ಮಾತನ್ನೂ ಹೆಚ್ಚು ಸೇರಿಸುವುದಿಲ್ಲ. ವಿರುದ್ಧವಾಗಿ ಕಾಣುವ ಒಂದು ಮಾತನ್ನೂ ಬಿಡುವುದಿಲ್ಲ.

ದೂರು ಕೊಟ್ಟವರು ಈ ಮನೆಯ ಟೈಲರ್ ಅಕ್ಕ. ಅವರಲ್ಲಿ ಆರು ಹೇಂಟೆ, ಒಂದು ಹುಂಜ ಇರುತ್ತವೆ. ಅವುಗಳ ಹಳೆಯ ಗೂಡು ಪ್ಯಾಕಿಂಗ್ ಹಲಗೆಯದು. ತಳ ಕೊಳೆತಿತ್ತು. ಹೊಸದೊಂದು ಮಾಡಿಕೊಡಿ ಎಂದು ಅವರು ಕೇಳಿದ್ದರಿಂದ ಅದನ್ನೇ ಚುರುಕಿಗೆ ಅಭ್ಯಾಸದ ಕೆಲಸವಾಗಿ ವಹಿಸಿದ್ದೆ. ಅವಳು ಹದಿನೈದು ದಿನ ಕೂತು ಮಾಡಿದ ಗೂಡು ಅದೋ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿದೆ. ಜೋಡಣೆಯಲ್ಲಿ ಎಲ್ಲಿಯೂ ಒಂದು ಕೂದಲು ತೂರಿಸುವಷ್ಟು ಸಂದಿಲ್ಲ. ನಾನೇ ಪರೀಕ್ಷಿಸಿರುತ್ತೇನೆ.

ನಿನ್ನೆ ಸೋಮವಾರ ಮಧ್ಯಾಹ್ನ ನಾಲ್ಕು ಗಂಟೆಗೆ ನಾವಿಬ್ಬರೂ ಹೊಸ ಗೂಡನ್ನು ಶಾಲೆಯ ತಳ್ಳುಗಾಡಿಯಲ್ಲಿ ಇಲ್ಲಿಗೆ ತಂದೆವು. ಅದನ್ನು ಇಳಿಸಿದ ಮೇಲೆ ಗೇಟಿನ ಬಳಿಯಿದ್ದ ಹಳೆಯ ಗೂಡನ್ನು ಹಲಗೆಯೊಂದರ ಮೇಲೆ ಜಾರಿಸಿ ಗಾಡಿಗೇರಿಸಿದೆವು. ಅದರ ಮರ ಶಾಲೆಗೆ ಉಪಯೋಗಕ್ಕೆ ಬರುತ್ತದೆಂದು ಅಕ್ಕನೇ ಹೇಳಿದ್ದರು. ಗಾಡಿ ನಿಂತದ್ದು ಹಳೆಯ ಗೂಡು ಇದ್ದ ಜಾಗದಲ್ಲಿಯೇ. ಹಲಗೆ ಗಾಡಿಗೆ ಒರಗಿಕೊಂಡೇ ಉಳಿಯಿತು. ಆಗ ಕೋಳಿಗಳು ಬೇಲಿಯಾಚೆ ಕೆದಕುತ್ತಿದ್ದವು. ಅವುಗಳನ್ನು ನಾವು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಗೂಡು ಬದಲಾಯಿಸುವವರು ಗೂಡಿನವರನ್ನು ಒಂದು ಮಾತು ಕೇಳಬೇಕಿತ್ತು ಎಂಬುದು ಈಗ ತಿಳಿದಿರುತ್ತದೆ.

ನಾನು ಹೊರಟೆ. ಹೊಸ ಬಾಗಿಲಿಗೆ ಬಿಜಾಗರಿ ಕೂರಿಸಲು ಚುರುಕಿ ಉಳಿದಳು. ಎರಡು ಸ್ಕ್ರೂ ಸಾಲದೆ ಬಂದದ್ದರಿಂದ ಶಾಲೆಗೆ ಹೋಗಿ ತಂದಳು. ವಾಪಸು ಬರುವಷ್ಟರಲ್ಲಿ ಮಬ್ಬುಗತ್ತಲಾಗಿತ್ತು. ಅಕ್ಕ ಒಳಗೆ ಮೆಷಿನ್ ಮೇಲೆ ಕುಳಿತಿದ್ದರು. ಚುರುಕಿ ಕೆಲಸ ಮುಗಿಸಿ, ಹಳೆಯ ಗೂಡಿನ ಮುಚ್ಚಳಬಾಗಿಲು ದಾರಿಯಲ್ಲಿ ಬಡಿದಾಡಬಾರದೆಂದು ಚಿಲಕ ಹಾಕಿ, ಮೇಲೆ ಟಾರ್ಪಾಲು ಹೊದಿಸಿ, ಗಾಡಿ ತಳ್ಳಿಕೊಂಡು ಬಂದಳು. ಒಳಗೆ ನೋಡಲಿಲ್ಲ. ಖಾಲಿ ಗೂಡಿನೊಳಗೆ ನೋಡುವುದೇನಿದೆ ಎಂದುಕೊಂಡಳಂತೆ. ಈ ಚಿಲಕವೇ ಅವಳ ವಿರುದ್ಧ ದೊಡ್ಡ ಸಾಕ್ಷಿಯಾಗಿರುತ್ತದೆ.

ಗಾಡಿಯನ್ನು ಶಾಲೆಯ ಶೆಡ್ಡಿನಲ್ಲಿ ನಿಲ್ಲಿಸಿ ಬೀಗ ಹಾಕಿ, ಕೀಲಿ ಕೊಡಲು ನನ್ನ ಮನೆಗೆ ಬಂದಾಗ ಅವಳು ಆಡಿದ ಒಂದು ಮಾತು ನೆನಪಿದೆ. ಮೇಷ್ಟ್ರೆ, ಗಾಡಿಯ ಚಕ್ರಕ್ಕೆ ಎಣ್ಣೆ ಹಾಕಬೇಕು, ದಾರಿಯುದ್ದಕ್ಕೂ ಒಳಗೊಳಗೇ ಗೊಣಗ್ತಾ ಇತ್ತು ಎಂದಳು. ನಾಳೆ ನೋಡೋಣ, ಊಟ ಮಾಡಿ ಮಲಗಮ್ಮ ಎಂದೆ.

ಇಂದು ಮುಂಜಾನೆ ಬೀಗ ಹಾಕಿದ ಶೆಡ್ಡಿನೊಳಗಿಂದ ಹುಂಜ ಕೂಗಿತು. ರಾತ್ರಿಯೇ ಕೋಳಿ ಕಾಣದೆ ಹುಡುಕಾಡಿದ್ದ ಅಕ್ಕನ ತಮ್ಮ, ಬಸ್ ಕಂಡಕ್ಟರ್, ಆ ಕೂಗು ಹಿಡಿದು ನೇರವಾಗಿ ಬಂದರು. ನಾನೇ ಬೀಗ ತೆಗೆದೆ. ಟಾರ್ಪಾಲು ಸರಿಸಿದರೆ ಏಳೂ ಅಲ್ಲಿದ್ದವು. ಕಂಡಕ್ಟರ್ ಅವರು ಚುರುಕಿಯನ್ನು ಕರೆಸಿ, ಏನಮ್ಮಾ, ಏಳು ಜನಾನೂ ತಾವಾಗೇ ಗಾಡಿ ಹತ್ತಿದ್ರೋ, ಟಿಕೆಟ್ ತಗೊಂಡಿದ್ರೋ ಪಾಸ್ ಇತ್ತೋ ಎಂದು ಕೇಳಿದರು. ಸುತ್ತಲಿದ್ದವರು ನಕ್ಕರು. ಅವಳು, ಅಣ್ಣಾ, ನಾನು ನೋಡಲೇ ಇಲ್ಲ ಎಂದಳು. ನೋಡದೇ ಚಿಲಕ ಬಿತ್ತಾ, ನಮ್ಮ ಬಸ್ಸಲ್ಲಿ ಬ್ಯಾಗ್ ಎತ್ತೋರೂ ಇದನ್ನೇ ಹೇಳೋದು ಎಂದರು. ಅಷ್ಟು ಹೊತ್ತಿಗೆ ಬಂದ ಅಕ್ಕ, ನಿನ್ನ ಕೈಯಲ್ಲಿ ಗೂಡು ಮಾಡಿಸಿಕೊಂಡೆನಲ್ಲೇ ಎಂದಷ್ಟೇ ಹೇಳಿ ಮುಖ ತಿರುಗಿಸಿದರು. ಕಂಡಕ್ಟರ್ ಅವರ ಬೈಗುಳಕ್ಕೆ ಅಲುಗದ ಹುಡುಗಿ ಆ ಒಂದು ಮಾತಿಗೆ ಕುಸಿದು ಕುಳಿತಳು.

ಠಾಣೆಯಲ್ಲಿ ದೂರು ದಾಖಲಾಯಿತು. ಚಕ್ರದ ಗೊಣಗಾಟದ ಮಾತನ್ನು ನಾನು ಹೇಳಿದೆ. ಶಿಷ್ಯೆಯ ಪರ ಮೇಷ್ಟ್ರು ಹೇಳದೆ ಇನ್ಯಾರು ಹೇಳ್ತಾರೆ ಎಂದು ಕಂಡಕ್ಟರ್ ಅವರು ಅಂದರು. ಆಗ ಚುರುಕಿಯೇ ಕಣ್ಣೊರೆಸಿಕೊಂಡು ಮುಖ್ಯ ಪೇದೆಯವರಿಗೆ, ಸಾರ್, ನನ್ನ ಮಾತೂ ಬೇಡ, ಮೇಷ್ಟ್ರ ಮಾತೂ ಬೇಡ, ನಿನ್ನೆ ಇದ್ದ ಹಾಗೇ ಎಲ್ಲಾ ಇಟ್ಟು ಸಂಜೆ ಅವು ಎಲ್ಲಿಗೆ ಹೋಗ್ತವೋ ನೋಡಿ ಎಂದಳು. ಅವು ಹೊಸ ಗೂಡಿಗೆ ಹೋದರೆ ಅವಳ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸುಮ್ಮನಿರಮ್ಮಾ ಎಂದು ಕಣ್ಣಿನಲ್ಲೇ ಹೇಳಿದೆ. ಅವಳು ನನ್ನ ಕಡೆ ನೋಡಲಿಲ್ಲ. ಮುಖ್ಯ ಪೇದೆಯವರು ಸ್ವಲ್ಪ ಯೋಚಿಸಿ, ಕೋಳಿ ಸಾಕ್ಷಿ ಹೇಳಿದ್ದನ್ನ ನನ್ನ ಸರ್ವೀಸಲ್ಲಿ ಕಂಡಿಲ್ಲ, ನೋಡೇಬಿಡೋಣ ಎಂದರು.

ಅದರಂತೆ ಕೋಳಿಗಳನ್ನು ಹಗಲಿನಲ್ಲಿ ಈ ಹಿತ್ತಿಲಿನಲ್ಲಿ ಬಿಡಲಾಯಿತು. ಸಂಜೆ ಗಾಡಿಯನ್ನು ನಿನ್ನೆಯ ಚಕ್ರದ ಗುರುತಿನ ಮೇಲೆಯೇ ನಿಲ್ಲಿಸಿ, ಹಳೆಯ ಗೂಡಿನ ಮುಚ್ಚಳ ತೆರೆದು, ಹಲಗೆ ಒರಗಿಸಲಾಯಿತು. ಹೊಸ ಗೂಡಿನ ಬಾಗಿಲನ್ನೂ ಪೂರ್ತಿ ತೆರೆದಿಡಲಾಯಿತು. ಅದರೊಳಗೆ ಒಂದು ಹಿಡಿ ಜೋಳ ಚೆಲ್ಲಿದವರು ಕಂಡಕ್ಟರ್. ಯಾರೂ ತಡೆಯಲಿಲ್ಲ. ಚುರುಕಿಯನ್ನು ದೂರದ ಅಡುಗೆಮನೆ ಮೆಟ್ಟಿಲ ಮೇಲೆ ಕೂರಿಸಲಾಯಿತು. ಉಳಿದವರು ಗೋಡೆಗುಂಟ ನಿಂತೆವು.

ಇನ್ನು ಮುಂದಿನದನ್ನು ಕಂಡಷ್ಟೇ ಹೇಳುತ್ತೇನೆ. ಕೋಳಿಗಳ ಬಗ್ಗೆ ನನಗೆ ಏನೂ ತಿಳಿದಿರಲಿಲ್ಲ.

ಬಿಸಿಲು ಗೋಡೆ ಇಳಿಯುವವರೆಗೂ ಅವು ಅವಸರವಸರವಾಗಿ ಹೆಕ್ಕುತ್ತಿದ್ದವು, ಅಂಗಡಿ ಮುಚ್ಚುವ ಹೊತ್ತಿಗೆ ಸಾಮಾನು ಕೊಳ್ಳುವವರಂತೆ. ಬೆಳಕು ಕಂದುತ್ತಿದ್ದಂತೆ ಎಲ್ಲ ಒಮ್ಮೆಗೇ ನಿಂತವು. ಯಾರೂ ಗಂಟೆ ಬಾರಿಸಲಿಲ್ಲ. ಆದರೂ ಏಳು ಕತ್ತುಗಳು ಒಟ್ಟಿಗೆ ಮೇಲೆದ್ದವು. ಅಕ್ಕ ಬೂದಿ ಎಂದು ಕರೆಯುವ ದೊಡ್ಡ ಹೇಂಟೆ ಮೊದಲು ಹೊಸ ಗೂಡಿನ ಕಡೆಗೇ ನಡೆಯಿತು. ಬಾಗಿಲಲ್ಲಿ ನಿಂತು ಒಂದು ಕಣ್ಣಿನಿಂದ ನೋಡಿತು. ತಲೆ ತಿರುಗಿಸಿ ಇನ್ನೊಂದು ಕಣ್ಣಿನಿಂದ ನೋಡಿತು. ಒಂದು ಕಾಲು ಒಳಗಿಟ್ಟಿತು. ಕಂಡಕ್ಟರ್ ಅವರು ನನ್ನ ಭುಜ ತಟ್ಟಿದರು. ಮೆಟ್ಟಿಲ ಮೇಲೆ ಚುರುಕಿ ಎರಡೂ ಕೈಗಳನ್ನು ಮೊಣಕಾಲ ನಡುವೆ ಒತ್ತಿ ಹಿಡಿದಿದ್ದಳು.

ಬೂದಿ ಆ ಕಾಲನ್ನು ಹಿಂದಕ್ಕೆ ತೆಗೆದುಕೊಂಡಿತು. ಆಗ ನಾನು ಬಗ್ಗಿ ನೋಡಿದೆ. ಬಾಗಿಲು ಗೋಡೆಯ ಕಡೆ ತಿರುಗಿದ್ದರಿಂದ ಹೊರಗೆ ಇನ್ನೂ ಬೆಳಕಿರುವಾಗಲೇ ಒಳಗೆ ರಾತ್ರಿಯಾಗಿತ್ತು. ಅಲ್ಲಿ ಚೆಲ್ಲಿದ ಜೋಳವೂ ಕಾಣುತ್ತಿರಲಿಲ್ಲ. ಬಾಗಿಲು ಆ ಕಡೆಗಿರಲಿ ಎಂದು ತೀರ್ಮಾನಿಸಿದವನು ನಾನು, ಚುರುಕಿಯಲ್ಲ.

ಬೂದಿ ಹಿತ್ತಿಲನ್ನು ಅಡ್ಡ ಹಾದು ಗಾಡಿಯ ಬಳಿಗೆ ಬಂದು, ಹಲಗೆಯ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಹತ್ತಿ, ಹಳೆಯ ಗೂಡಿನೊಳಗೆ ಹೋಯಿತು. ಅದರ ಹಿಂದೆ ಕುಂಟಿ, ಅದರ ಹಿಂದೆ ಕೆಂಪಿ, ನಂತರ ಉಳಿದವು. ಹುಂಜ ಹಲಗೆಯ ಬುಡದಲ್ಲಿ ನಿಂತು ಪ್ರತಿಯೊಂದು ಹತ್ತುವವರೆಗೂ ಕಾದಿತ್ತು. ಒಳಗೆ ಎಳೆ ಹೇಂಟೆಯೊಂದು ಅಡ್ಡಕೋಲಿನ ಬಲತುದಿಯಲ್ಲಿ ಕುಳಿತುಬಿಟ್ಟಿತು. ಅಕ್ಕ ಉಸಿರಿನಲ್ಲೇ, ಅಯ್ಯೋ ಅದು ಬೂದಿ ಜಾಗ, ಈಗ ಒದೆ ತಿಂತಾಳೆ ನೋಡಿ ಎಂದರು. ಹಾಗೆಯೇ ಆಯಿತು. ದಿನಾ ಟಾರ್ಚ್ ಹಾಕಿದಾಗ ಕೂತಿರೋದನ್ನ ಕಂಡಿದ್ದೀನಿ ಮೇಷ್ಟ್ರೆ, ಹೀಗೆ ಹೋಗಿ ಕೂರೋದನ್ನ ಇವತ್ತೇ ಕಂಡದ್ದು ಎಂದರು.

ಆಮೇಲೆ ತಳ್ಳಾಟ ನಿಂತಿತು. ಪ್ರತಿಯೊಂದೂ ಕೋಲನ್ನು ಬೆರಳುಗಳಿಂದ ಹಿಡಿದು, ಹೊಟ್ಟೆಯನ್ನು ಮೆಲ್ಲಗೆ ಪಾದಗಳ ಮೇಲೆ ಇಳಿಸಿ, ಪಕ್ಕದ್ದಕ್ಕೆ ಒತ್ತಿಕೊಂಡಿತು. ಒಳಗಿನಿಂದ ಸಣ್ಣ ಗೊಣಗಾಟವೊಂದು ಎದ್ದಿತು, ಎಣ್ಣೆಯಿಲ್ಲದ ಚಕ್ರದಂಥದು. ಅದನ್ನು ಕೇಳಿ ಮುಖ್ಯ ಪೇದೆಯವರು ನನ್ನ ಮುಖ ನೋಡಿದರು. ಕಂಡಕ್ಟರ್ ಅವರು ಗೋಡೆಯ ಬಳಿಯಿಂದ ಗಾಡಿಯತ್ತ ನಾಲ್ಕು ಹೆಜ್ಜೆ ಬಂದು, ಅಲ್ಲಿಯೇ ನಿಂತುಬಿಟ್ಟರು. ಯಾರದೋ ಕೂಸು ಅಳುತ್ತಿದ್ದುದು ನಿಂತಿತ್ತು. ಒಂದು ಬೀದಿಯ ಜನರೆಲ್ಲ ಒಂದು ಹಲಗೆಯ ಮುಂದೆ ಉಸಿರು ಬಿಗಿಹಿಡಿದು ನಿಂತದ್ದನ್ನು ನನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ಮೂವತ್ತು ವರ್ಷಗಳಿಂದ ಮನೆಗೆ ಬೇಕಾದುದನ್ನು ಮಾಡುವುದು ಹೇಗೆಂದು ಮಕ್ಕಳಿಗೆ ಕಲಿಸುತ್ತಿದ್ದೇನೆ. ಒಂದು ಜೀವ ಇದು ನನ್ನ ಮನೆ ಎಂದು ತಿಳಿಯುವ ಗಳಿಗೆಯನ್ನು ಇಂದು ನೋಡಿರುತ್ತೇನೆ. ನನ್ನ ಕಣ್ಣು ತುಂಬಿದ್ದನ್ನು ಮುಖ್ಯ ಪೇದೆಯವರು ಬರೆಯುವುದು ಬೇಡವೆಂದರು. ಬರೆಯಿರಿ ಎಂದು ನಾನು ಹೇಳಿರುತ್ತೇನೆ.

ಕೊನೆಯಲ್ಲಿ ಹುಂಜವೂ ಹತ್ತಿತು. ಕಂಡಕ್ಟರ್ ಅವರು, ಏಳೂ ಜನ ಹತ್ತಿದ್ರು, ಯಾರೂ ಕೈ ಹಿಡಿದು ಹತ್ತಿಸಲಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಅಕ್ಕ ಅಡುಗೆಮನೆ ಮೆಟ್ಟಿಲಿಗೆ ಹೋಗಿ ಚುರುಕಿಯ ಪಕ್ಕದಲ್ಲಿ ಕುಳಿತರು. ಅವಳ ತಲೆ ಸವರಲಿಲ್ಲ, ಕ್ಷಮೆ ಎಂಬ ಮಾತನ್ನೂ ಆಡಲಿಲ್ಲ. ಈಗ ಇವನ್ನ ಹೊಸ ಮನೆಗೆ ಕರೆತರೋದು ಹೇಗೇ ಹುಡುಗಿ ಎಂದು ಕೇಳಿದರು. ಚುರುಕಿ ಮೂಗೊರೆಸಿಕೊಂಡು, ಅಕ್ಕಾ, ಬಾಗಿಲನ್ನ ಪಡುವಣಕ್ಕೆ ತಿರುಗಿಸೋಣ, ಆ ಹಳೇ ಅಡ್ಡಕೋಲನ್ನೇ ಬಿಚ್ಚಿ ಹೊಸದರೊಳಗೆ ಹಾಕೋಣ, ಅವರ ಕಾಲಿಗೆ ಅದು ಗೊತ್ತು ಎಂದಳು. ಅದನ್ನು ನಾನು ಕಲಿಸಿರಲಿಲ್ಲ.

ದೂರು ದಾಖಲಾಗಿರುವುದರಿಂದ ಅದನ್ನು ಮುಗಿಸಲು ಕಣ್ಣಿನ ಸಾಕ್ಷಿಯ ಹೇಳಿಕೆ ಅಗತ್ಯವೆಂದು ಮುಖ್ಯ ಪೇದೆಯವರು ತಿಳಿಸಿದ ಮೇರೆಗೆ, ಅಕ್ಕನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಇದನ್ನು ಬರೆಸಿರುತ್ತೇನೆ. ಕೋಳಿಗಳು ತಾವಾಗಿಯೇ ಗಾಡಿ ಹತ್ತಿದವು; ಹುಡುಗಿ ಅರಿಯದೆ ಚಿಲಕ ಹಾಕಿದಳು; ಕಳವು ನಡೆದಿರುವುದಿಲ್ಲ. ದೂರುದಾರರೂ ಅವರ ತಮ್ಮನೂ ಇದನ್ನು ಒಪ್ಪಿ ಕೆಳಗೆ ಸಹಿ ಹಾಕುತ್ತಿದ್ದಾರೆ. ಗುರುವಾರದ ಪರೀಕ್ಷೆಗೆ ಇದರ ಪ್ರತಿಯನ್ನು ಶಾಲೆಗೆ ತಲುಪಿಸಬೇಕೆಂದು ಕೋರುತ್ತೇನೆ.

ಈ ಬರಹವನ್ನು ನನಗೆ ಓದಿ ಹೇಳಲಾಯಿತು. ಕಂಡದ್ದಕ್ಕಿಂತ ಇದರಲ್ಲಿ ಹೆಚ್ಚೇನೂ ಇಲ್ಲ. ಕಂಡದ್ದು ಇದಕ್ಕಿಂತ ದೊಡ್ಡದಾಗಿತ್ತು ಎಂಬುದನ್ನು ಬಿಟ್ಟರೆ ಎಲ್ಲವೂ ಸರಿಯಾಗಿರುತ್ತದೆ.

ಸ್ಥಳ: ದೂರುದಾರರ ಹಿತ್ತಿಲು
ದಿನ: ಮಂಗಳವಾರ, ದೀಪ ಹಚ್ಚಿದ ನಂತರ
ಸಹಿ: ಉಳಿಮೇಷ್ಟ್ರು

ಸಹಿಯ ಕೆಳಗೆ ಸೇರಿಸಲು ಕೋರಿದ್ದು: ನಾಳೆ ಬೆಳಗ್ಗೆ ಕೋಳಿಗಳು ಇಳಿದ ತಕ್ಷಣ ಆ ಅಡ್ಡಕೋಲನ್ನು ಬಿಚ್ಚಬೇಕು. ಚುರುಕಿ, ಸುತ್ತಿಗೆ ನೀನು ತಾ, ಉಳಿ ನಾನು ತರುತ್ತೇನೆ. ಗೂಡು ತಿರುಗಿಸಲು ನಾಲ್ಕು ಜನ ಬೇಕು. ಕಂಡಕ್ಟರ್ ಅವರೇ, ನೀವೂ ಒಂದು ಕೈ ಹಾಕಿ. ಎಲ್ಲರೂ ಬನ್ನಿ, ಶುರುಮಾಡೋಣ.