ಕಳಚಿಟ್ಟ ಬಾಗಿಲಿನ ವಿಷಯ

ಹೆಸರು: ಪಾಸ್‌ಪೋರ್ಟಿನಲ್ಲಿರುವಂತೆ. ಪಾಸ್‌ಪೋರ್ಟ್ ನಿನ್ನೆ ಮಧ್ಯಾಹ್ನದಿಂದ ಇದೇ ಠಾಣೆಯ ಬೀರುವಿನಲ್ಲಿದೆ. ಎಲ್ಲರೂ ಕರೆಯುವುದು ಮೇಷ್ಟ್ರಮ್ಮ ಎಂದು.
ವಯಸ್ಸು: 61 ವರ್ಷ.
ಉದ್ಯೋಗ: ನಮ್ಮೂರಿನ ಕೈಗಾರಿಕಾ ತರಬೇತಿ ಕೇಂದ್ರದ ಮರಗೆಲಸ ವಿಭಾಗದಲ್ಲಿ ಬೋಧಕಿಯಾಗಿದ್ದು ನಿವೃತ್ತಿ. ಈ ದೇಶದಲ್ಲಿ ಹನ್ನೊಂದು ತಿಂಗಳಿಂದ ಸಂಬಳವಿಲ್ಲದ ಸ್ವಯಂಸೇವಕಿ.
ವಾಸ: ಹೆಂಗಸರು ಮತ್ತು ಮಕ್ಕಳ ಆಸರೆ ಮನೆ, ಸೈಕಲ್ ರಿಪೇರಿ ಅಂಗಡಿಯ ಎದುರು.

ಈ ಮೂಲಕ ತಿಳಿಸುವುದೇನೆಂದರೆ, ನಾನು ಮೇಲ್ಕಂಡ ಮನೆಯಲ್ಲಿ ಇದ್ದುಕೊಂಡು ಅಲ್ಲಿನ ಒಂಬತ್ತು ಮಂದಿ ಹೆಂಗಸರಿಗೆ ಬಾಗಿಲು, ಕಿಟಕಿ, ಮಂಚ ಮಾಡುವುದನ್ನು ಕಲಿಸುತ್ತೇನೆ. ಇಲ್ಲಿನ ಭಾಷೆ ನನಗೆ ಮುಕ್ಕಾಲು ಪಾಲು ಬರುತ್ತದೆ. ಆದರೆ ಮರ ಎತ್ತುವಾಗ ಮಾತ್ರ ನನ್ನ ಬಾಯಿಗೆ ನನ್ನ ಭಾಷೆಯೇ ಬರುವುದು. ಆದ್ದರಿಂದ ಎತ್ತು, ತಡಿ, ನೂಕು, ಇಳಿಸು ಎಂಬ ನಾಲ್ಕು ಮಾತು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ನಾನು ನನ್ನ ಭಾಷೆಯಲ್ಲಿ ಕೊಲೆ ಬೆದರಿಕೆ ಹಾಕಿದೆನೆಂದು ನನ್ನ ಮೇಲೆ ಬಂದಿರುವ ದೂರಿನಲ್ಲಿದೆಯಂತೆ. ಅವು ಈ ಮಾತುಗಳೇ ಹೊರತು ಬೇರೇನಲ್ಲ.

ಆ ಮನೆಯಲ್ಲಿ ಏಳು ವರ್ಷದ ಒಂದು ಹುಡುಗಿ ಇದ್ದಾಳೆ. ನಾನು ಅವಳನ್ನು ಗುಬ್ಬಿ ಎನ್ನುತ್ತೇನೆ. ಗುಬ್ಬಿಯ ತಾಯಿ ನನ್ನ ವಿದ್ಯಾರ್ಥಿನಿ. ಈಕೆ ಮನೆಗೆ ಬಂದಾಗ ಎಡಗೈ ಮಣಿಕಟ್ಟು ಮುರಿದಿತ್ತು. ಮುರಿದದ್ದು ಯಾರು ಎಂಬುದು ನ್ಯಾಯಾಲಯದ ಆದೇಶದಲ್ಲೇ ಇದೆ. ಗುಬ್ಬಿಯ ತಂದೆ ಈ ಮನೆಯ ನೂರು ಮೀಟರ್ ಒಳಗೆ ಕಾಲಿಡಕೂಡದು ಎಂದೂ ಅದರಲ್ಲೇ ಇದೆ. ಅದರ ಪ್ರತಿ ನಮ್ಮ ಅಡುಗೆಮನೆಯ ಗೋಡೆಯ ಮೇಲಿದೆ, ಈ ಠಾಣೆಯಲ್ಲೂ ಇರಬೇಕು.

ಕಳೆದ ವಾರ ಹಜಾರದ ನೆಲಕ್ಕೆ ಹೊಸ ಗಾರೆ ಹಾಕಿದ ಮೇಲೆ ಮುಂಬಾಗಿಲು ನೆಲಕ್ಕೆ ಉಜ್ಜತೊಡಗಿತ್ತು. ಸೋಮವಾರ ಸಂಜೆ ಗುಬ್ಬಿ ಶಾಲೆಯಿಂದ ಬಂದು ಬಾಗಿಲು ತಳ್ಳಲಾರದೆ ಐದು ನಿಮಿಷ ಹೊರಗೇ ನಿಂತಿದ್ದಳು. ಅಜ್ಜೀ, ಬಾಗ್ಲು ನನ್ ಮಾತೇ ಕೇಳ್ತಿಲ್ಲ ಎಂದಳು. ನೆಲ ಕೆರೆಯುವ ಬಾಗಿಲನ್ನು ಕಂಡರೆ ಮೊದಲೇ ನನಗೆ ಮೈಯೆಲ್ಲ ಉರಿಯುತ್ತದೆ. ಮುಂಬಾಗಿಲು ಕಳಚುವುದಿದ್ದರೆ ಮನೆಯ ಮುಖ್ಯಸ್ಥೆಗೆ ತಿಳಿಸಿ, ಗೇಟಿನಲ್ಲಿ ಒಬ್ಬರನ್ನು ಕೂರಿಸಬೇಕೆಂಬುದು ನಿಯಮ. ಮುಖ್ಯಸ್ಥೆಯನ್ನು ನಾವೆಲ್ಲ ದೊಡ್ಡಕ್ಕ ಎನ್ನುತ್ತೇವೆ. ಮಂಗಳವಾರ ಬೆಳಿಗ್ಗೆ ಅವರು ಎರಡು ಮಕ್ಕಳಿಗೆ ಲಸಿಕೆ ಹಾಕಿಸಲು ಹೋಗಿದ್ದರು. ಹತ್ತು ನಿಮಿಷದ ಕೆಲಸಕ್ಕೆ ಯಾಕೆ ಕಾಯಬೇಕೆಂದು 10.05ಕ್ಕೆ ನಾನು ಬಾಗಿಲು ಕಳಚಿದೆ. ಮೂವತ್ತು ವರ್ಷ ಹುಡುಗರಿಗೆ ನಿಯಮ ನಿಯಮ ಎಂದು ಬಡಿದುಕೊಂಡವಳು ನಾನೇ. ತಪ್ಪು ನನ್ನದು, ಬರೆದುಕೊಳ್ಳಿ.

ಬಾಗಿಲನ್ನು ಹಜಾರದಲ್ಲಿ ಎರಡು ಸ್ಟೂಲುಗಳ ಮೇಲೆ ಅಡ್ಡ ಮಲಗಿಸಿ, ಕೆಳ ಅಂಚನ್ನು ಮರ ನಯ ಮಾಡುವ ಹತ್ತರಿಯಿಂದ ಹೆರೆಯುತ್ತಿದ್ದೆ. ಆರು ಮಂದಿ ಹೆಂಗಸರು ಸುತ್ತ ನಿಂತು ನೋಡುತ್ತಿದ್ದರು. ಅಂದು ಶಾಲೆಗೆ ರಜೆ. ಗುಬ್ಬಿ ನೆಲದ ಮೇಲೆ ಕೂತು ಹೆರೆದ ಮರದ ಸುರುಳಿಗಳನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. 10.20ಕ್ಕೆ ಅವಳ ಕೈ ನಿಂತಿತು. ಎದ್ದು ತಾಯಿಯ ಹಿಂದೆ ಹೋದಳು. ನಾನು ತಿರುಗಿ ನೋಡಿದಾಗ ಗುಬ್ಬಿಯ ತಂದೆ ಗೇಟು ದಾಟಿ ಒಳಗೆ ಬಂದಾಗಿತ್ತು. ಗೇಟಿನಿಂದ ಹೊಸ್ತಿಲಿಗೆ ಆರು ಮೀಟರ್ ನಲವತ್ತು ಸೆಂಟಿಮೀಟರ್. ನಿನ್ನೆ ನನ್ನದೇ ಟೇಪಿನಲ್ಲಿ ಅಳೆದಿದ್ದೇನೆ.

ನಾನು ಹೆದರಿದೆ. ಇದನ್ನೂ ಬರೆದುಕೊಳ್ಳಿ, ನನಗೇನೂ ನಾಚಿಕೆಯಿಲ್ಲ.

ಆತ ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ಬಲಗೈಯಲ್ಲಿ ಚೌಕಟ್ಟು ಹಿಡಿದುಕೊಂಡು, ನನ್ ಮಗ್ಳನ್ನ ಕರ್ಕೊಂಡು ಹೋಗೋಕೆ ಬಂದಿದೀನಿ, ಬಾಗ್ಲೂ ತೆಗೆದೇ ಇಟ್ಟಿದೀರಲ್ಲ, ಭಲೇ ಎಂದು ನಕ್ಕ. ಒಳಗಿದ್ದ ನಮ್ಮ ಅಡುಗೆಯವಳು ಓಡಿಹೋಗಿ ಹಿಂಬಾಗಿಲ ಚಿಲಕ ಹಾಕಿದಳು. ಕಾಲು ಹಿಂದಕ್ಕೆ ತಗೊಳ್ಳಿ, ಕೋರ್ಟಿನ ಆದೇಶ ಇದೆ ಎಂದು ನಾನು ಹೇಳಿದೆ. ಎಲ್ಲಿಂದಲೋ ಬಂದ ಮುದುಕಿ ನೀನು, ನಮ್ ಸಂಸಾರದಲ್ಲಿ ನಿಂದೇನಮ್ಮ ಅಧಿಕಪ್ರಸಂಗ ಎಂದು ಕೇಳಿದ. ನಾನು ಹೆಂಗಸರ ಕಡೆ ತಿರುಗಿದೆ. ಎತ್ತು ಎಂದು ಕೂಗಿದೆ.

ಬಾಗಿಲಿನ ತೂಕ ಮೂವತ್ತೆಂಟು ಕಿಲೋ. ಆರು ಮಂದಿ ಒಂದೇ ಸಲಕ್ಕೆ ಎತ್ತಿದರು. ಪಾಠದಲ್ಲಿ ಒಂದು ದಿನವೂ ಹಾಗೆ ಒಟ್ಟಿಗೆ ಎತ್ತಿದವರಲ್ಲ. ಎಡಗಡೆ ಮೂಲೆ ಹಿಡಿದವಳು ಗುಬ್ಬಿಯ ತಾಯಿ, ಅದೇ ಮುರಿದು ಕೂಡಿದ ಕೈಯಲ್ಲಿ. ಬಾಗಿಲನ್ನು ನೆಟ್ಟಗೆ ನಿಲ್ಲಿಸಿಕೊಂಡು ಚೌಕಟ್ಟಿನ ಕಡೆ ನಡೆದೆವು. ಆತ ಕಾಲು ತೆಗೆದ, ಕೈ ತೆಗೆಯಲಿಲ್ಲ. ತಡಿ ಎಂದೆ, ಎಲ್ಲರೂ ನಿಂತರು. ಕೈ ತೆಗೀರಿ ಎಂದು ಆತನಿಗೆ ಮೂರು ಸಲ ಇಲ್ಲಿನ ಭಾಷೆಯಲ್ಲೇ ಹೇಳಿದೆ. ಹೆಂಗಸ್ರ ಕೈಲಿ ಏನಾಗತ್ತೆ ನೋಡೇಬಿಡೋಣ ಎಂದ. ನೂಕು ಎಂದೆ.

ಆತನ ಮೂರು ಬೆರಳು ಬಾಗಿಲಿಗೂ ಚೌಕಟ್ಟಿಗೂ ನಡುವೆ ಸಿಕ್ಕಿದವು. ಆತ ಕಿರುಚಿದ ಕೂಡಲೇ ಎರಡು ಬೆರಳಗಲ ಹಿಂದಕ್ಕೆ ತೆಗೆಸಿದೆ. ಕೈ ಹೊರಗೆ ಹೋಯಿತು. ಆಮೇಲೆ ಪೂರ್ತಿ ನೂಕಿಸಿದೆ. ಕೀಲು ಕೂರಿಸುವಷ್ಟು ಸಮಯವಿರಲಿಲ್ಲ. ಬಾಗಿಲ ಮೇಲಿಂದ ಚೌಕಟ್ಟಿಗೆ ಓರೆಯಾಗಿ ನಾಲ್ಕಿಂಚಿನ ನಾಲ್ಕು ಸ್ಕ್ರೂ ಇಳಿಸಿದೆ. ಪರೀಕ್ಷೆಯಲ್ಲಿ ಯಾರಾದರೂ ಇಂಥ ಕೆಲಸ ಮಾಡಿದ್ದರೆ ಸೊನ್ನೆ ಕೊಡುತ್ತಿದ್ದೆ. 10.31ಕ್ಕೆ ಠಾಣೆಗೆ ಫೋನ್ ಮಾಡಿದವಳೂ ನಾನೇ. ನಿಮ್ಮವರು ಬಂದದ್ದು 12.15ಕ್ಕೆ. ಠಾಣೆಯಿಂದ ನಮ್ಮ ಮನೆಗೆ ಒಂದೂಕಾಲು ಕಿಲೋಮೀಟರ್.

ಈ ದಿನ ಬೆಳಿಗ್ಗೆ ಠಾಣೆಯ ಸಾಹೇಬರು, ದುಭಾಷಿಯಾಗಿ ಬಂದಿರುವ ಶಾಲಾ ಶಿಕ್ಷಕಿಯ ಮುಖಾಂತರ, ಗಾಳಿಗೆ ಬಾಗಿಲು ಬಡಿದು ಕೈ ಜಜ್ಜಿತು ಅಂತ ಬರೆದುಬಿಡೋಣ್ವಾ ಅಮ್ಮಾ, ನಿಮ್ಗೂ ತಾಪತ್ರಯ ಇಲ್ಲ, ನಮ್ಗೂ ಇಲ್ಲ ಎಂದು ಕೇಳಿದರು. ಬೇಕೆಂದೇ ಮಾಡಿದೆ ಎಂದರೆ ನನ್ನ ವೀಸಾ ರದ್ದಾಗಬಹುದು, ಇದೇ ವಾರ ವಿಮಾನ ಹತ್ತಿಸಬಹುದು ಎಂದೂ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಚಹಾವನ್ನೂ ತರಿಸಿದರು. ಆದರೆ ಕೀಲಿನಿಂದ ಕಳಚಿ ಸ್ಟೂಲಿನ ಮೇಲೆ ಮಲಗಿಸಿದ ಬಾಗಿಲನ್ನು ಎತ್ತಿ ನಿಲ್ಲಿಸುವ ಗಾಳಿ ಯಾವುದು ಎಂದು ನಾನು ಕೇಳಿದೆ.

ತಾನು ರಸ್ತೆಯಲ್ಲಿ ಸುಮ್ಮನೆ ಹೋಗುತ್ತಿದ್ದೆ ಎಂದು ಆತ ದೂರಿನಲ್ಲಿ ಬರೆಸಿದ್ದಾನೆ. ರಸ್ತೆಯಲ್ಲಿ ಹೋಗುವವರ ಬೆರಳು ನಮ್ಮ ಚೌಕಟ್ಟಿಗೆ ಹೇಗೆ ಬಂತು? ಗಾಳಿ ಎಂದು ಬರೆದರೆ ಇದು ಅಪಘಾತವಾಗುತ್ತದೆ, ಕಡತ ಮುಚ್ಚುತ್ತದೆ, ಆತ ಬಂದದ್ದು ಎಲ್ಲೂ ಇರುವುದಿಲ್ಲ. ಮುಂದಿನ ಮಂಗಳವಾರ ಮತ್ತೆ ಬರುತ್ತಾನೆ. ಆ ಬೆರಳುಗಳನ್ನು ಜಜ್ಜಿದವಳು ನಾನು ಎಂದು ಬರೆದರೆ, ಆತನ ಕೈ ನಮ್ಮ ಹೊಸ್ತಿಲಲ್ಲಿತ್ತು ಎಂದೂ ಬರೆದಂತೆ. ನನಗೆ ಬೇಕಾದದ್ದು ಅಷ್ಟೇ. ಆದೇಶ ಮುರಿದದ್ದಕ್ಕೆ ಆತನ ಮೇಲೆ ಪ್ರಕರಣ ದಾಖಲಿಸಬೇಕೆಂದು ಕೋರುತ್ತೇನೆ. ನನ್ನ ಮೇಲೂ ಹಾಕುವುದಿದ್ದರೆ ಧಾರಾಳವಾಗಿ ಹಾಕಿ.

ಬಾಗಿಲು ಈಗಲೂ ಅದೇ ನಾಲ್ಕು ಸ್ಕ್ರೂಗಳ ಮೇಲೆ ನಿಂತಿದೆ. ಗುಬ್ಬಿ ಹಿಂಬಾಗಿಲಿಂದ ಶಾಲೆಗೆ ಹೋಗಿಬರುತ್ತಿದ್ದಾಳೆ. ನೀನು ಊರಿಗೆ ಹೋದ್ರೆ ಬಾಗ್ಲು ಯಾರು ಸರಿ ಮಾಡ್ತಾರೆ ಅಜ್ಜೀ ಎಂದು ಈ ಬೆಳಿಗ್ಗೆ ಕೇಳಿದಳು. ನಿಮ್ಮಮ್ಮ ಮಾಡ್ತಾಳೆ, ನಂಗಿಂತ ಚೆನ್ನಾಗಿ ಮಾಡ್ತಾಳೆ ಎಂದು ಹೇಳಿ ಬಂದಿದ್ದೇನೆ. ನನ್ನ ಹತ್ತರಿಯನ್ನೂ ಆಕೆಯ ಕೈಗೇ ಕೊಟ್ಟು ಬಂದಿದ್ದೇನೆ.

ಇದಿಷ್ಟೂ ನಾನು ಕಂಡದ್ದು ಮತ್ತು ನಾನೇ ಮಾಡಿದ್ದು. ಯಾರ ಒತ್ತಾಯವೂ ಇಲ್ಲ. ಓದಿಸಿ ಕೇಳಿದ್ದೇನೆ, ಎಲ್ಲವೂ ಸತ್ಯ. ಸಾಹೇಬರು ಮೊದಲೇ ಟೈಪು ಮಾಡಿಸಿದ್ದ ಪ್ರತಿಯಲ್ಲಿ "ಗಾಳಿಗೆ" ಎಂದಿದ್ದ ಕಡೆ ಗೀಟು ಹಾಕಿ, ಮೇಲೆ "ನಾನು" ಎಂದು ಪೆನ್ನಿನಲ್ಲಿ ಬರೆದು, ಪಕ್ಕದಲ್ಲಿ ಸಹಿ ಮಾಡಿದ್ದೇನೆ.

ಸ್ಥಳ: ಪೊಲೀಸ್ ಠಾಣೆ, ಎರಡನೇ ಕೋಣೆ
ದಿನಾಂಕ: 13, ಗುರುವಾರ, ಮಧ್ಯಾಹ್ನ 1.40

(ಸಹಿ)
ಮೇಷ್ಟ್ರಮ್ಮ